ಎರಡು ಪತ್ರಿಕೆ, ಒಂದು ಮದುವೆ, ಒಂದು ಮುಚ್ಚಳಿಕೆ: ಜಿ. ಸುಬ್ರಮಣ್ಯ ಅಯ್ಯರ್ ಪ್ರಕರಣ

ತಮಿಳುನಾಡಿನ ಪತ್ರಿಕಾ ಚರಿತ್ರೆಯಲ್ಲಿ ಜಿ. ಸುಬ್ರಮಣ್ಯ ಅಯ್ಯರ್ (1855–1916) ಅವರ ಹೆಸರು ಎರಡು ಕಡೆ ಬರುತ್ತದೆ. 1878ರಲ್ಲಿ ಹುಟ್ಟಿದ ಇಂಗ್ಲಿಷ್ ಪತ್ರಿಕೆ ‘ದಿ ಹಿಂದೂ’ವಿನ ಸ್ಥಾಪಕರಲ್ಲಿ ಅವರೊಬ್ಬರು, ಅದರ ಮೊದಲ ಸಂಪಾದಕರೂ ಹೌದು. 1882ರಲ್ಲಿ ‘ಸ್ವದೇಶಮಿತ್ರನ್’ ಎಂಬ ತಮಿಳು ವಾರಪತ್ರಿಕೆಯನ್ನು ಕಟ್ಟಿದವರೂ ಅವರೇ. ಇಪ್ಪತ್ತು ವರ್ಷ ದುಡಿದ ಮೇಲೆ ಇಂಗ್ಲಿಷ್ ಪತ್ರಿಕೆ ಅವರ ಕೈತಪ್ಪಿತು. ತಮಿಳು ಪತ್ರಿಕೆಯನ್ನು ಮಾತ್ರ ಅವರು ಸಾಯುವ ಹಿಂದಿನ ವರ್ಷದವರೆಗೂ ಬಿಡಲಿಲ್ಲ. ಮನೆಯೊಳಗಿನ ಸುಧಾರಣೆ, ಹೊಲಗದ್ದೆಯ ಬಡತನ ಎರಡನ್ನೂ ಒಂದೇ ಲೇಖನಿಯಿಂದ ಬರೆಯಲು ಹೊರಟ ಸಂಪಾದಕ ಎಲ್ಲಿ ಎಂಥ ಬೆಲೆ ತೆರಬೇಕಾಯಿತು ಎಂಬುದು ಈ ಪ್ರಕರಣದ ಪ್ರಶ್ನೆ. ಸುಧಾರಣೆಯ ಬೆಲೆಯನ್ನು ಕೇಳಿದ್ದು ಸ್ವಂತ ಜಾತಿ ಮತ್ತು ಇಂಗ್ಲಿಷ್ ಬಲ್ಲ ಓದುಗರು. ರಾಜಕೀಯ, ಆರ್ಥಿಕ ಬರಹದ ಬೆಲೆಯನ್ನು ಕೇಳಿದ್ದು ಸರ್ಕಾರ, ಅದೂ ತಮಿಳಿನಲ್ಲಿ ಬರೆದುದಕ್ಕೆ.

ಒಂದೂ ಮುಕ್ಕಾಲು ರೂಪಾಯಿ

ಅಯ್ಯರ್ ಹುಟ್ಟಿದ್ದು ತಂಜಾವೂರು ಜಿಲ್ಲೆಯ ತಿರುವಯ್ಯಾರಿನಲ್ಲಿ, 1855ರ ಜನವರಿ 19ರಂದು. ತಂದೆ ಗಣಪತಿ ದೀಕ್ಷಿತರು ಅಲ್ಲಿನ ಮುನ್ಸೀಫ್ ಕೋರ್ಟಿನಲ್ಲಿ ವಕೀಲರು. ಮಗ ತಂಜಾವೂರಿನಲ್ಲಿ ಓದಿ, ಮದ್ರಾಸಿಗೆ ಬಂದು ಶಿಕ್ಷಕ ತರಬೇತಿ ಪಡೆದು ಮೇಷ್ಟ್ರಾದರು. ಆ ಹೊತ್ತಿಗೆ 1876–78ರ ಮಹಾಕ್ಷಾಮ ಎರಗಿತ್ತು. ಪರಿಹಾರ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಕೂಲಿ ಸಾಕೆಂದು ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ನಿಗದಿ ಮಾಡಿದ ಕಾಲವದು. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದದ್ದೂ ಇದೇ ಕ್ಷಾಮದಿಂದ. ಅಯ್ಯರ್ ಮುಂದೆ ಬರೆದ ಅರ್ಥಶಾಸ್ತ್ರವನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಬಾರದು.

1878ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರಾಗಿ ನೇಮಕಗೊಂಡರು. ಆ ಪೀಠದಲ್ಲಿ ಕುಳಿತ ಮೊದಲ ಭಾರತೀಯರು ಅವರು. ಬಿಳಿಯರ ಒಡೆತನದ ಪತ್ರಿಕೆಗಳು ಈ ನೇಮಕವನ್ನು ಹೀನಾಯವಾಗಿ ಟೀಕಿಸಿದವು. ಉತ್ತರ ಕೊಡಲು ಮದ್ರಾಸಿನ ಭಾರತೀಯರಿಗೆ ಸ್ವಂತದ ಪ್ರಬಲ ಪತ್ರಿಕೆ ಇರಲಿಲ್ಲ. ಮದ್ರಾಸಿನ ಟ್ರಿಪ್ಲಿಕೇನ್ ಬಡಾವಣೆಯ ಆರು ಜನ ಯುವಕರು ಆಗ ಒಂದೂ ಮುಕ್ಕಾಲು ರೂಪಾಯಿ ಸಾಲ ಎತ್ತಿ, ಮಿಂಟ್ ಸ್ಟ್ರೀಟಿನ ಶ್ರೀನಿಧಿ ಅಚ್ಚುಕೂಟದಲ್ಲಿ ಸೆಪ್ಟೆಂಬರ್ 20ರಂದು 80 ಪ್ರತಿ ಅಚ್ಚು ಹಾಕಿಸಿದರು. ಬಿಡಿ ಪ್ರತಿಗೆ ನಾಲ್ಕಾಣೆ. ಎಂಬತ್ತೂ ಖರ್ಚಾದರೆ ಕೈಗೆ ಬರುವುದು 20 ರೂಪಾಯಿ. ಆರರಲ್ಲಿ ಇಬ್ಬರು ಅಧ್ಯಾಪಕರು, ಅಯ್ಯರ್ ಮತ್ತು ಎಂ. ವೀರರಾಘವಾಚಾರಿಯರ್. ಉಳಿದ ನಾಲ್ವರು ಕಾನೂನು ವಿದ್ಯಾರ್ಥಿಗಳು, ಅವರು ಬೇಗನೆ ವಕೀಲಿಗೆ ಹೊರಟುಹೋದರು. ಲೇಖನಿ ಅಯ್ಯರ್ ಕೈಯಲ್ಲಿ, ಲೆಕ್ಕಪತ್ರ ವೀರರಾಘವಾಚಾರಿಯರ್ ಕೈಯಲ್ಲಿ ಉಳಿಯಿತು. ಮುಂದಿನ ಬಿಕ್ಕಟ್ಟಿನ ಬೀಜ ಈ ಹಂಚಿಕೆಯಲ್ಲೇ ಇತ್ತು. ಬರೆಯುವವರಿಗೆ ಚಂದಾದಾರ ಕಣ್ಣಿಗೆ ಬೀಳುವುದಿಲ್ಲ, ಲೆಕ್ಕ ಬರೆಯುವವರಿಗೆ ಆತನ ಹೊರತು ಬೇರೇನೂ ಕಾಣುವುದಿಲ್ಲ.

1884ರ ಮೇ ತಿಂಗಳಲ್ಲಿ ಮದ್ರಾಸ್ ಮಹಾಜನ ಸಭೆ ಸ್ಥಾಪನೆಯಾದಾಗ ಇಬ್ಬರೂ ಮುಂಚೂಣಿಯಲ್ಲಿದ್ದರು. 1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ 72 ಪ್ರತಿನಿಧಿಗಳು ಸೇರಿದ ಕಾಂಗ್ರೆಸ್ಸಿನ ಮೊದಲ ಅಧಿವೇಶನದಲ್ಲಿ ಮೊಟ್ಟಮೊದಲ ಗೊತ್ತುವಳಿಯನ್ನು ಮಂಡಿಸಿದವರು ಅಯ್ಯರ್. ಭಾರತದ ಆಡಳಿತ ಹೇಗೆ ನಡೆದಿದೆ ಎಂದು ರಾಯಲ್ ಕಮಿಷನ್ ತನಿಖೆ ಮಾಡಬೇಕೆಂಬುದು ಅದರ ಬೇಡಿಕೆ.

ತಮಿಳಿನಲ್ಲಿ ಪತ್ರಿಕೆ ಏಕೆ, ಹೇಗೆ

‘ದಿ ಹಿಂದೂ’ ಇನ್ನೂ ವಾರಕ್ಕೊಮ್ಮೆ ಬರುತ್ತಿದ್ದಾಗಲೇ ಅಯ್ಯರ್ ತಮಿಳಿನತ್ತ ತಿರುಗಿದರು. ಇಂಗ್ಲಿಷ್ ಪತ್ರಿಕೆ ತಲುಪುತ್ತಿದ್ದುದು ವಕೀಲರು, ಗುಮಾಸ್ತರು, ಅಧ್ಯಾಪಕರು, ಸರ್ಕಾರಿ ಅಧಿಕಾರಿಗಳಿಗೆ. ಕಂದಾಯ ಕಟ್ಟುವವರಿಗೆ, ಅಂಗಡಿ ಇಟ್ಟವರಿಗೆ, ಹಳ್ಳಿಯ ಮಿರಾಸುದಾರರಿಗೆ (ವಂಶಪಾರಂಪರ್ಯ ಭೂಹಿಡುವಳಿದಾರರಿಗೆ) ಅದು ತಲುಪುವಂತಿರಲಿಲ್ಲ.

ತಮಿಳು ಪತ್ರಿಕೆ ನಡೆಸುವ ಕಷ್ಟ ಅಚ್ಚಿನ ಮೊಳೆಯಿಂದಲೇ ಶುರುವಾಗುತ್ತದೆ. ತಮಿಳಿನ ಅಕ್ಷರಮಾಲೆ 247: ಸ್ವರ 12, ವ್ಯಂಜನ 18, ಗುಣಿತಾಕ್ಷರ 216, ಆಯ್ದಂ 1. ಎಲ್ಲಕ್ಕೂ ಬೇರೆ ಬೇರೆ ಮೊಳೆ ಬೇಕಿಲ್ಲ, ಏಕೆಂದರೆ ಹಲವು ಸ್ವರಚಿಹ್ನೆಗಳು ವ್ಯಂಜನದ ಆಚೀಚೆ ಬಿಡಿಯಾಗಿ ಕೂರುತ್ತವೆ. ಆದರೆ ಉಕಾರ, ಊಕಾರಗಳು ವ್ಯಂಜನದ ಮೈಗೇ ಬೆಸೆದುಕೊಳ್ಳುತ್ತವೆ. ಅಲ್ಲಿಗೆ 36 ಮೊಳೆ ಹೆಚ್ಚಾಯಿತು. ಚುಕ್ಕಿ ಇಟ್ಟ ವ್ಯಂಜನಕ್ಕೆ ಇನ್ನೊಂದು ಸಾಲು. ಹಳೆಯ ಬರವಣಿಗೆಯಲ್ಲಿ ಆಕಾರ, ಐಕಾರಗಳು ಕೂಡಿದ ಕೆಲವು ಅಕ್ಷರಗಳ ರೂಪವೇ ಬೇರೆ. ಅವುಗಳನ್ನು ಪೆರಿಯಾರ್ 1935ರಲ್ಲಿ ತಮ್ಮ ಪತ್ರಿಕೆಯಲ್ಲಿ ಸರಳಗೊಳಿಸಿದರು, ತಮಿಳುನಾಡು ಸರ್ಕಾರ ಒಪ್ಪಿಕೊಂಡದ್ದು 1978ರಲ್ಲಿ. ಕನ್ನಡದಂತೆ ಒತ್ತಕ್ಷರದ ಕಾಟವಿಲ್ಲವೆಂಬುದೊಂದೇ ಸಮಾಧಾನ. ಇಂಗ್ಲಿಷಿನ ಒಂದು ಪುಟ ಕೂಡಿಸುವುದಕ್ಕಿಂತ ತಮಿಳಿನ ಪುಟಕ್ಕೆ ಖಾನೆಗಳೂ ಹೆಚ್ಚು, ಕೈಯೋಡಾಟವೂ ಹೆಚ್ಚು.

ಎರಡನೆಯ ತೊಡಕು ಸುದ್ದಿಯ ಮೂಲದ್ದು. ತಂತಿಯಲ್ಲಿ ಬರುವುದೆಲ್ಲ ಇಂಗ್ಲಿಷ್. ಸರ್ಕಾರದ ವರದಿ, ಆಯವ್ಯಯ, ಶಾಸನಸಭೆಯ ನಡಾವಳಿ ಎಲ್ಲವೂ ಇಂಗ್ಲಿಷ್. ಇಂಗ್ಲಿಷ್ ಪತ್ರಿಕೆಯಾದರೆ ತಂತಿಯ ಕಾಗದವನ್ನು ತಿದ್ದಿ ನೇರವಾಗಿ ಮೊಳೆ ಜೋಡಿಸುವವನ ಕೈಗೆ ಕೊಡಬಹುದು. ತಮಿಳು ಪತ್ರಿಕೆಯಲ್ಲಿ ಅದಕ್ಕೂ ಮುಂಚೆ ಒಬ್ಬರು ಕೂತು ಅನುವಾದಿಸಬೇಕು. ವಾರಪತ್ರಿಕೆಗೆ ಇದು ಹೇಗೋ ನಡೆಯುತ್ತದೆ, ದಿನಪತ್ರಿಕೆಗೆ ನಡೆಯುವುದಿಲ್ಲ. ಸ್ವದೇಶಮಿತ್ರನ್ ದಿನಪತ್ರಿಕೆಯಾದದ್ದು 1899ರಲ್ಲಿ, ಅಂದರೆ ಅಯ್ಯರ್ ‘ದಿ ಹಿಂದೂ’ ಬಿಟ್ಟು ಪೂರ್ತಿ ಸಮಯ ಕೊಡತೊಡಗಿದ ಮೇಲೆ. ತಮಿಳಿನ ಮೊದಲ ದಿನಪತ್ರಿಕೆ ಎಂದು ಅದನ್ನು ಸಾಮಾನ್ಯವಾಗಿ ಗುರುತಿಸುತ್ತಾರೆ.

1889ರ ಮದುವೆ

ಅಯ್ಯರ್ ಅವರ ಹಿರಿಯ ಮಗಳು ಶಿವಪ್ರಿಯಮ್ಮಾಳ್ ಬಾಲ್ಯದಲ್ಲೇ ಮದುವೆಯಾಗಿ ಬಾಲ್ಯದಲ್ಲೇ ವಿಧವೆಯಾದಳು. ಬಾಲವಿಧವೆಯರ ಮರುಮದುವೆಯ ಪರ ಬರೆಯುತ್ತಿದ್ದ ಸಂಪಾದಕನ ಮನೆಯಲ್ಲೇ ಬಾಲವಿಧವೆ ಕುಳಿತಳು.

ಕಾನೂನಿನ ದಾರಿ ಅಷ್ಟರಲ್ಲಿ ಮೂವತ್ತು ವರ್ಷ ಹಳೆಯದು. 1856ರ ವಿಧವಾ ಪುನರ್ವಿವಾಹ ಕಾಯಿದೆಯ (ಆ ವರ್ಷದ 15ನೇ ಕಾಯಿದೆ) ಮೂರು ಕಲಮುಗಳು ಇಲ್ಲಿ ಮುಖ್ಯ. ಎರಡನೆಯ ಕಲಮಿನ ಪ್ರಕಾರ ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯಲ್ಲಿನ ಜೀವನಾಂಶದ, ವಾರಸಿನ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಆರನೆಯ ಕಲಮು ಮೊದಲ ಮದುವೆಗೆ ಯಾವ ಮಂತ್ರ, ಯಾವ ವಿಧಿ ಸಾಕೋ ಮರುಮದುವೆಗೂ ಅಷ್ಟೇ ಸಾಕು ಎನ್ನುತ್ತದೆ. ಏಳನೆಯದು ಒಪ್ಪಿಗೆಯ ಕಲಮು. ಹುಡುಗಿ ಅಪ್ರಾಪ್ತೆಯಾಗಿದ್ದು ಮೊದಲ ಮದುವೆಯಲ್ಲಿ ಸಂಸಾರ ನಡೆಸಿರದಿದ್ದರೆ ತಂದೆಯ ಒಪ್ಪಿಗೆ ಕಡ್ಡಾಯ. ತಂದೆ ಇಲ್ಲದಿದ್ದರೆ ತಂದೆಯ ತಂದೆ, ಆತನೂ ಇಲ್ಲದಿದ್ದರೆ ತಾಯಿ, ಆಮೇಲೆ ಅಣ್ಣ, ಆಮೇಲೆ ಹತ್ತಿರದ ಗಂಡು ಬಂಧು. ಇದನ್ನು ಮೀರಿದ ಮದುವೆಗೆ ತಿಳಿದೂ ನೆರವಾದವರಿಗೆ ಒಂದು ವರ್ಷದವರೆಗೆ ಸಜೆ, ದಂಡ, ಅಥವಾ ಎರಡೂ.

ಈ ಏಳನೆಯ ಕಲಮನ್ನು ಬಿಡಿಸಿ ನೋಡಿದರೆ ಕಾಯಿದೆ ಏಕೆ ಕಾಗದದ ಮೇಲೆಯೇ ಉಳಿಯಿತೆಂದು ತಿಳಿಯುತ್ತದೆ. ಬಾಲವಿಧವೆಯ ಬಿಡುಗಡೆಯ ಕೀಲಿಕೈ ಇದ್ದುದು ಜಾತಿಯ ಬಹಿಷ್ಕಾರಕ್ಕೆ ಮೊದಲು ಗುರಿಯಾಗುವ ತಂದೆಯ ಕೈಯಲ್ಲಿ. ತಂದೆ ಒಪ್ಪಿದರೆ ಕಾನೂನಿನ ಅಡ್ಡಿ ಪೂರ್ತಿ ತೀರಿತು. ಊರಿನ ಅಡ್ಡಿಗಳು ಶುರುವಾಗುವುದೇ ಅಲ್ಲಿಂದ. ಮಂತ್ರ ಹೇಳಲು ಪುರೋಹಿತ ಬೇಕು, ಬಂದವನಿಗೆ ಮಠದ ಬಹಿಷ್ಕಾರ ಕಾದಿರುತ್ತದೆ. ತನ್ನ ಮನೆಯನ್ನು ಎದುರು ಹಾಕಿಕೊಳ್ಳಬಲ್ಲ ವರ ಬೇಕು. ಅಡುಗೆಯವರು, ನೀರು ತರುವವರು ಬೇಕು. ಆಮೇಲೆ ಉಳಿದ ಮಕ್ಕಳ ಮದುವೆ, ಮನೆಯ ಶ್ರಾದ್ಧಕ್ಕೆ ಬ್ರಾಹ್ಮಣರು ಸಿಗಬೇಕು. ತೆಲುಗು ಸುಧಾರಕ ಕಂದುಕೂರಿ ವೀರೇಶಲಿಂಗಂ 1881ರ ಡಿಸೆಂಬರ್ 11ರಂದು ರಾಜಮಹೇಂದ್ರಿಯಲ್ಲಿ ಮೊದಲ ವಿಧವಾ ವಿವಾಹ ಮಾಡಿಸಿದಾಗ ಇವೆಲ್ಲ ಒಂದೊಂದಾಗಿ ಎದುರಾಗಿದ್ದವು. ಕಾಕಿನಾಡದ ವರ್ತಕ ಪೈಡಾ ರಾಮಕೃಷ್ಣಯ್ಯನವರ ಹಣ, ಶಿಷ್ಯರ ಕಾವಲು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಅಯ್ಯರ್ ಮದುವೆಯನ್ನು ಮದ್ರಾಸಿನಲ್ಲಿ ಮಾಡದೆ, 1889ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದ್ದಾಗ ಮುಂಬಯಿಯಲ್ಲಿ ನೆರವೇರಿಸಿದರು. ಆ ಆಯ್ಕೆ ವಿವೇಕದ್ದು. ಮುಂಬಯಿ ಪ್ರಾಂತ್ಯದಲ್ಲಿ ವಿಷ್ಣುಶಾಸ್ತ್ರಿ ಪಂಡಿತ, ರಾನಡೆ ಮೊದಲಾದವರು 1860ರ ದಶಕದಿಂದ ಈ ಕೆಲಸ ಮಾಡುತ್ತ ಬಂದಿದ್ದರು. ಮರುಮದುವೆ ಮಾಡಿಸಿ ಅಭ್ಯಾಸವಿದ್ದವರು ಅಲ್ಲಿದ್ದರು. ಕಾಂಗ್ರೆಸ್ಸಿನ ಬೆನ್ನಿಗೇ ರಾಷ್ಟ್ರೀಯ ಸಾಮಾಜಿಕ ಸಮ್ಮೇಳನವೂ ಸೇರುತ್ತಿದ್ದುದರಿಂದ ದೇಶದ ಎಲ್ಲ ಕಡೆಯ ಸುಧಾರಕರು ಒಂದೇ ಊರಿನಲ್ಲಿ ಸಿಗುತ್ತಿದ್ದರು.

ಆದರೆ ದೂರದ ಊರಿನಲ್ಲಿ ಮಾಡಿದ ಮದುವೆ ಬಹಿಷ್ಕಾರವನ್ನು ತಪ್ಪಿಸಲಿಲ್ಲ. ಮದ್ರಾಸಿಗೆ ಮರಳಿದ ಮೇಲೆ ಬಂಧುಗಳೂ ಜಾತಿಯವರೂ ದೂರವಾದರು. ಸಭೆಯಲ್ಲಿ ಚಪ್ಪಾಳೆ ತಟ್ಟಿದವರಲ್ಲೂ ಹಲವರು ಮನೆಯ ಹೊಸ್ತಿಲ ಹತ್ತಿರ ಸುಳಿಯಲಿಲ್ಲ. ವೀರೇಶಲಿಂಗಂ ತಮ್ಮ ಸುತ್ತ ಒಂದು ಪುಟ್ಟ ಸಮುದಾಯವನ್ನೇ ಕಟ್ಟಿಕೊಂಡಿದ್ದರು. ಮರುಮದುವೆಯಾದ ದಂಪತಿಗಳಿಗೆ ವಸತಿ, ಕೆಲಸ, ಒಬ್ಬರಿಗೊಬ್ಬರು ಆಸರೆ ಅಲ್ಲಿತ್ತು. ಅಯ್ಯರ್ ಬಳಿ ಅಂಥ ಬಳಗವಿರಲಿಲ್ಲ, ಪತ್ರಿಕೆ ಮಾತ್ರ ಇತ್ತು. ಅವರ ಮದುವೆ ಬಹುದೊಡ್ಡ ನಿದರ್ಶನವಾಗಿಯೂ ಮದ್ರಾಸಿನಲ್ಲಿ ರೂಢಿಯಾಗದೆ ಹೋದುದಕ್ಕೆ ಈ ಕೊರತೆಯೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ. ಬೇರೆಯವರ ಹೆಣ್ಣುಮಕ್ಕಳ ಬಗ್ಗೆ ಬರೆಯುವುದು ಸುಲಭವಾಗಿದ್ದ ಕಾಲದಲ್ಲಿ ಸ್ವಂತ ಮಗಳಿಗೆ ಬದುಕು ಕೊಟ್ಟ ಧೈರ್ಯ ಮಾತ್ರ ಇದರಿಂದ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಪಾಲುಗಾರಿಕೆ ಮುರಿದದ್ದು

1889ರ ಏಪ್ರಿಲ್ 1ರಿಂದ ‘ದಿ ಹಿಂದೂ’ ದಿನಪತ್ರಿಕೆಯಾಗಿತ್ತು. ವಾರಪತ್ರಿಕೆಗೆ ನೂರಾರು ನಿಷ್ಠಾವಂತ ಓದುಗರು ಸಾಕು. ದಿನಪತ್ರಿಕೆಗೆ ದಿನವೂ ಕಾಗದ, ತಂತಿ, ಸಂಬಳದ ಖರ್ಚು. ಖರ್ಚು ಏರಿದ ಹೊತ್ತಿಗೇ ಸಂಪಾದಕರ ಸುಧಾರಣೆಯ ಬರಹ ಸಂಪ್ರದಾಯಸ್ಥ ಓದುಗರನ್ನು ಕೆರಳಿಸಿತು, ಮಾನನಷ್ಟ ಮೊಕದ್ದಮೆಗಳೂ ಹಣ ತಿಂದವು. 1891ರಲ್ಲಿ ಹೆಣ್ಣುಮಕ್ಕಳ ಲೈಂಗಿಕ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ ಕಾಯಿದೆ ದೇಶದ ಉದ್ದಕ್ಕೂ ಓದುಬಲ್ಲವರನ್ನು ಎರಡು ಪಾಳೆಯವಾಗಿ ಸೀಳಿತು. (ಮೈಸೂರು ಸಂಸ್ಥಾನ 1894ರಲ್ಲಿ 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದ್ದು ಇದೇ ಚರ್ಚೆಯ ನಡುವೆ.) ರಾಜಕೀಯದಲ್ಲಿ ಒಂದೇ ಮಾತಿನವರಾಗಿದ್ದ ಇಬ್ಬರು ಪಾಲುಗಾರರು ಸುಧಾರಣೆಯ ವಿಷಯದಲ್ಲಿ ಬೇರೆಯಾದರು. 1898ರಲ್ಲಿ ಪಾಲುಗಾರಿಕೆ ಮುರಿಯಿತು. ‘ದಿ ಹಿಂದೂ’ ವೀರರಾಘವಾಚಾರಿಯರ್ ಪಾಲಾಯಿತು, ಸ್ವದೇಶಮಿತ್ರನ್ ಅಯ್ಯರ್ ಪಾಲಿಗೆ ಉಳಿಯಿತು. 1905ರಲ್ಲಿ ಎಸ್. ಕಸ್ತೂರಿರಂಗ ಅಯ್ಯಂಗಾರ್ ‘ದಿ ಹಿಂದೂ’ವನ್ನು 75,000 ರೂಪಾಯಿಗೆ ಕೊಂಡರು. ಅಯ್ಯರ್ ಯಾವುದನ್ನು ಬಿಟ್ಟು ಬಂದರೆಂಬುದಕ್ಕೆ ಆ ಬೆಲೆಯೇ ಅಳತೆ.

ಕಿಸ್ತು, ಕ್ಷಾಮ, ಬಂಡವಾಳ

1897ರಲ್ಲಿ ಭಾರತದ ಖರ್ಚುವೆಚ್ಚದ ತನಿಖೆಗೆ ಕೂತ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಅಯ್ಯರ್ ಲಂಡನ್ನಿಗೆ ಹೋದರು. ಗೋಖಲೆ, ದಿನ್‌ಶಾ ವಾಚಾ, ಸುರೇಂದ್ರನಾಥ ಬ್ಯಾನರ್ಜಿ ಜೊತೆಯ ಸಾಕ್ಷಿಗಳು. 1903ರಲ್ಲಿ ಬ್ರಿಟಿಷ್ ಆಳ್ವಿಕೆಯ ಆರ್ಥಿಕ ಮುಖಗಳ ಬಗ್ಗೆ ಅವರು ಬರೆದ ಇಂಗ್ಲಿಷ್ ಪುಸ್ತಕ ಸ್ವದೇಶಮಿತ್ರನ್ ಅಚ್ಚುಕೂಟದಿಂದಲೇ ಹೊರಬಂತು. ವಾದದ ತಿರುಳು ಇಷ್ಟು: ರೈತ ಬಡವನಾದದ್ದು ಸೋಮಾರಿತನದಿಂದಲ್ಲ, ದುಂದುಗಾರಿಕೆಯಿಂದಲೂ ಅಲ್ಲ. ಕಂದಾಯದ ಭಾರದಿಂದ, ಕೈಕಸುಬುಗಳ ನಾಶದಿಂದ, ದೇಶದ ಸಂಪತ್ತು ಹೊರಗೆ ಹರಿದುಹೋಗುವುದರಿಂದ.

ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ, ಮದ್ರಾಸ್ ಪ್ರಾಂತ್ಯದ ರಯತವಾರಿ ಪದ್ಧತಿಯ ಯಂತ್ರವನ್ನು ಅರಿಯದೆ ಈ ವಾದ ಅರ್ಥವಾಗದು. ಕನ್ನಡದ ಓದುಗರಿಗೆ ಇದು ಹೊರಗಿನ ಸಂಗತಿಯಲ್ಲ. ಕಂಪನಿ ಸರ್ಕಾರದ ಅಧಿಕಾರಿ ಥಾಮಸ್ ಮನ್ರೋ ಈ ಪದ್ಧತಿಯನ್ನು ರೂಪಿಸಿದ್ದೇ ಬಾರಾಮಹಲ್, ಕೆನರಾ, ಬಳ್ಳಾರಿಯ ಸೀಮೆಗಳಲ್ಲಿ ಕೆಲಸ ಮಾಡುತ್ತ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದ್ರಾಸಿನ ರೆವಿನ್ಯೂ ಬೋರ್ಡಿನ ಕೆಳಗೇ ಇದ್ದವು. ಜಮೀನನ್ನು ಅಳೆದು, ಮಣ್ಣಿನ ತರಗತಿ ಕಟ್ಟಿ, ಸರಾಸರಿ ಬೆಳೆಯನ್ನು ಹಣಕ್ಕೆ ತಿರುಗಿಸಿ, ಬೇಸಾಯದ ಖರ್ಚು ಕಳೆದು ಉಳಿದುದರಲ್ಲಿ ಅರ್ಧದವರೆಗೆ ಸರ್ಕಾರದ ಪಾಲು. ಮೂವತ್ತು ವರ್ಷಕ್ಕೊಮ್ಮೆ ಮರುನಿಗದಿ.

ಈ ಲೆಕ್ಕ ಕೆಡುವುದು ಮೂರು ಕಡೆ. ಬೇಸಾಯದ ಖರ್ಚನ್ನು ಕಡಿಮೆ ಹಿಡಿದರೆ ‘ಅರ್ಧ’ ಎಂಬುದು ವಾಸ್ತವದಲ್ಲಿ ಅರ್ಧಕ್ಕಿಂತ ಹೆಚ್ಚಾಗುತ್ತದೆ. ಕಂದಾಯ ಹಣದಲ್ಲೇ ಸಲ್ಲಬೇಕು, ಕಿಸ್ತಿನ ಗಡುವು ಸುಗ್ಗಿಯ ಬೆನ್ನಿಗೇ ಬರುತ್ತದೆ. ಊರಿನವರೆಲ್ಲ ಒಟ್ಟಿಗೆ ಮಾರಲು ನಿಂತಾಗ ಧಾರಣೆ ಬೀಳುತ್ತದೆ, ಕಾಯುವ ಶಕ್ತಿಯಿಲ್ಲದವನು ಸಾಹುಕಾರನ ಹತ್ತಿರ ಹೋಗುತ್ತಾನೆ. ಮೂರನೆಯದು, ಮೂವತ್ತು ವರ್ಷ ಮುಗಿಯುತ್ತ ಬಂದ ಹಾಗೆ ಬಾವಿ ತೋಡುವ, ಗದ್ದೆ ಹಸನು ಮಾಡುವ ಉತ್ಸಾಹ ಕುಂದುತ್ತದೆ. ಸುಧಾರಿಸಿದ ಜಮೀನಿಗೆ ಮುಂದಿನ ಬಾರಿ ತೀರ್ವೆ ಏರೀತೆಂಬ ಅಂಜಿಕೆ. ಅಯ್ಯರ್ ಹುಟ್ಟಿದ ತಂಜಾವೂರು ಜಿಲ್ಲೆಗೇ 1890ರ ದಶಕದ ಮರುನಿಗದಿಯಲ್ಲಿ ಭಾರ ಏರಿತ್ತು. ರಮೇಶಚಂದ್ರ ದತ್ತರು 1900ರಲ್ಲಿ ವೈಸರಾಯ್ ಕರ್ಜನ್‌ಗೆ ಬರೆದ ಬಹಿರಂಗ ಪತ್ರಗಳ ಚರ್ಚೆ, ಅದಕ್ಕೆ 1902ರಲ್ಲಿ ಸರ್ಕಾರ ಕೊಟ್ಟ ಉತ್ತರ, ಇವುಗಳ ನಡುವೆಯೇ ಅಯ್ಯರ್ ಅವರ ಪುಸ್ತಕ ಬಂದದ್ದು.

ಅವರ ಅರ್ಥಚಿಂತನೆ ನಿಂತ ನೀರಾಗಿರಲಿಲ್ಲ. ಬ್ರಿಟಿಷ್ ಆಳ್ವಿಕೆಯ ನ್ಯಾಯಬುದ್ಧಿಯನ್ನು ನಂಬಿ ಹೊರಟವರು ಬರಬರುತ್ತ ದೇಶೀ ಕೈಗಾರಿಕೆಗೆ ರಕ್ಷಣೆ ಬೇಕೆಂಬಲ್ಲಿಗೆ, ವಿದೇಶಿ ಬಂಡವಾಳವನ್ನು ಸಂಶಯದಿಂದ ನೋಡುವಲ್ಲಿಗೆ ಬಂದರು. ರೈಲು, ಗಣಿ, ತೋಟಗಳಿಗೆ ಹೊರಗಿನ ಹಣ ಬಂದರೆ ದೇಶ ಬೆಳೆಯಿತೆನ್ನುವುದು ಸರ್ಕಾರದ ಮಾತು. ಲಾಭ ಹೊರಗೆ ಹೋಗಿ ಕೂಲಿಯಷ್ಟೇ ಇಲ್ಲಿ ಉಳಿದರೆ ಅದನ್ನು ಬೆಳವಣಿಗೆ ಎನ್ನುವುದು ಹೇಗೆ ಎಂಬುದು ರಾಷ್ಟ್ರೀಯವಾದಿಗಳ ಮರುಪ್ರಶ್ನೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಕೋಲಾರದ ಚಿನ್ನದ ಗಣಿಯನ್ನು ನೆನೆದರೆ ಈ ಪ್ರಶ್ನೆ ನಮ್ಮವರಿಗೆ ತಟ್ಟನೆ ತಿಳಿಯುತ್ತದೆ. ಕಾರ್ಮಿಕರ ಪರವಾಗಿ ಬರೆಯುವುದರಲ್ಲೂ ಅಯ್ಯರ್ ಆ ಪೀಳಿಗೆಯ ಬಹುಪಾಲು ಕಾಂಗ್ರೆಸ್ಸಿಗರಿಗಿಂತ ಮುಂದಿದ್ದರು.

ತಲುಪದ ಜಾಗ

ಬಾಲ್ಯವಿವಾಹ, ವೈಧವ್ಯದಂಥ ಪ್ರಶ್ನೆಗಳು ಮುಖ್ಯವಾಗಿ ಮೇಲ್ಜಾತಿಯ ಮನೆಗಳವು. ಅದೇ ಮದ್ರಾಸಿನಲ್ಲಿ 1893ರಲ್ಲಿ ದಲಿತ ನಾಯಕ ರೆಟ್ಟಮಲೈ ಶ್ರೀನಿವಾಸನ್ ‘ಪರೈಯನ್’ ಪತ್ರಿಕೆ ಆರಂಭಿಸಿದರು. 1907ರಲ್ಲಿ ಇನ್ನೊಬ್ಬ ದಲಿತ ಚಿಂತಕ ಅಯೋತಿದಾಸ ಪಂಡಿತರು ‘ಒರು ಪೈಸಾ ತಮಿಳನ್’ ಹೊರಡಿಸಿದರು, ಹೆಸರಿನಲ್ಲೇ ಅದರ ಬೆಲೆಯಿತ್ತು. ಕಾಂಗ್ರೆಸ್ ಉನ್ನತ ಸರ್ಕಾರಿ ಹುದ್ದೆಗಳ ಐಸಿಎಸ್ ಪರೀಕ್ಷೆಯನ್ನು ಭಾರತದಲ್ಲೂ ನಡೆಸಬೇಕೆಂದು ಕೇಳುತ್ತಿದ್ದಾಗ ಶ್ರೀನಿವಾಸನ್ ಬಳಗ ಅದನ್ನು ವಿರೋಧಿಸಿ ಮನವಿ ಕಳಿಸಿತು. ಅಧಿಕಾರ ಇಂಗ್ಲಿಷರಿಂದ ಮೇಲ್ಜಾತಿಯವರ ಕೈಗೆ ದಾಟೀತೆಂಬ ಭಯ ಅವರದು, ಅದಕ್ಕೆ ಆಧಾರವೂ ಇತ್ತು. ಸ್ವದೇಶಮಿತ್ರನ್ ರೈತನ ಪರ ಎಂದಾಗ ಅದರ ಓದುಗ ಪಟ್ಟೆದಾರ, ಅಂದರೆ ಜಮೀನಿನ ಹಕ್ಕುಪತ್ರ ಉಳ್ಳವನು. ಆ ಗದ್ದೆಯಲ್ಲಿ ದುಡಿಯುತ್ತಿದ್ದ ಜೀತದಾಳಿಗೆ ಪಟ್ಟೆಯೂ ಇರಲಿಲ್ಲ, ಕಂದಾಯ ಇಳಿಸಿದರೆ ಆತನ ಕೂಲಿ ಏರುವ ಖಾತ್ರಿಯೂ ಇರಲಿಲ್ಲ. ಅಯ್ಯರ್ ಅವರನ್ನು ಎಷ್ಟು ಗೌರವಿಸಿದರೂ ಈ ಮಿತಿಯನ್ನು ಮುಚ್ಚಿಡುವುದು ಸರಿಯಲ್ಲ.

1904ರಿಂದ 1908

1904ರ ನವೆಂಬರಿನಲ್ಲಿ ಅಯ್ಯರ್ ಮದುರೆಯ ಸೇತುಪತಿ ಹೈಸ್ಕೂಲಿನಲ್ಲಿ ತಮಿಳು ಪಂಡಿತರಾಗಿದ್ದ ಕವಿ ಸುಬ್ರಮಣ್ಯ ಭಾರತಿಯವರನ್ನು ಉಪಸಂಪಾದಕರಾಗಿ ಕರೆತಂದರು. ಆಗ ಭಾರತಿಯವರ ವಯಸ್ಸು 21. ದಿನಪತ್ರಿಕೆಗೆ ಬೇಕಾದ ವೇಗದ ಅನುವಾದದ ಕೆಲಸ ಭಾರತಿಯವರ ತಲೆಗೆ ಬಿತ್ತು. ಆ ತಿಂಗಳುಗಳಲ್ಲಿ ರಷ್ಯಾ–ಜಪಾನ್ ಯುದ್ಧ, 1905ರಲ್ಲಿ ಬಂಗಾಳದ ವಿಭಜನೆ, ಸ್ವದೇಶಿ ಚಳವಳಿ. ದಿನವೂ ಬರುತ್ತಿದ್ದ ತಂತಿಯನ್ನು ಜನರ ತಮಿಳಿಗೆ ತರುತ್ತ ತರುತ್ತ ಅವರ ಗದ್ಯ ಹದಗೊಂಡಿತು. ಅಯ್ಯರ್ ಅವರ ಮಂದಗತಿ ಸಾಲದೆನಿಸಿ 1906ರಲ್ಲಿ ಅವರು ‘ಇಂಡಿಯಾ’ ವಾರಪತ್ರಿಕೆಗೆ ಹೊರಟರೂ ಕಸುಬು ಕಲಿತದ್ದು ಸ್ವದೇಶಮಿತ್ರನ್ ಮೇಜಿನ ಮೇಲೆ.

1906ರಲ್ಲಿ ವ.ಉ. ಚಿದಂಬರಂ ಪಿಳ್ಳೈ ತೂತುಕುಡಿಯಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದರು. ಮೂಲಧನ 10 ಲಕ್ಷ, ತಲಾ 25 ರೂಪಾಯಿಯ 40,000 ಷೇರುಗಳು. 1908ರ ಫೆಬ್ರವರಿ 27ರಂದು ಅದೇ ಊರಿನ ಕೋರಲ್ ಮಿಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು. ಮಾರ್ಚ್ 12ರಂದು ಪಿಳ್ಳೈ, ಅವರ ಸಂಗಾತಿ ಸುಬ್ರಮಣ್ಯ ಶಿವ ಇಬ್ಬರ ಬಂಧನ. ಮರುದಿನ ತಿರುನೆಲ್ವೇಲಿಯಲ್ಲಿ ಗಲಭೆ, ಗೋಲಿಬಾರು. ಜುಲೈ 7ರಂದು ಪಿಳ್ಳೈಗೆ ಜೀವಾವಧಿ ಗಡೀಪಾರು. ಅದೇ ತಿಂಗಳು ಮುಂಬಯಿಯಲ್ಲಿ ತಿಲಕರಿಗೆ ಆರು ವರ್ಷದ ಶಿಕ್ಷೆ.

ಸರ್ಕಾರ ಪ್ರತಿ ವಾರ ದೇಶಭಾಷಾ ಪತ್ರಿಕೆಗಳ ಗುಪ್ತ ಸಾರಾಂಶವನ್ನು ಇಂಗ್ಲಿಷಿನಲ್ಲಿ ತಯಾರಿಸುತ್ತಿತ್ತು. ಮದ್ರಾಸಿನಲ್ಲಿ ತಮಿಳು, ತೆಲುಗು, ಮಲಯಾಳಂ ಜೊತೆಗೆ ಕನ್ನಡದ ಪತ್ರಿಕೆಗಳೂ ಆ ಜಾಲರಿಯೊಳಗೆ ಬರುತ್ತಿದ್ದವು. ಸರ್ಕಾರಿ ಅನುವಾದಕ ಕೊಟ್ಟ ಇಂಗ್ಲಿಷ್ ರೂಪವನ್ನೇ ಮೇಲಧಿಕಾರಿಗಳು ಓದುತ್ತಿದ್ದುದು. 1898ರಲ್ಲಿ ವಿಸ್ತರಿಸಿದ ರಾಜದ್ರೋಹದ 124ಎ ಕಲಮು ‘ಅಪ್ರೀತಿ’ ಹುಟ್ಟಿಸುವುದನ್ನೇ ಅಪರಾಧ ಮಾಡಿತ್ತು. ಇಂಗ್ಲಿಷಿನಲ್ಲಿ ಇಪ್ಪತ್ತು ವರ್ಷ ಸರ್ಕಾರವನ್ನು ಟೀಕಿಸಿದ್ದ ಅಯ್ಯರ್ ಜೈಲು ಕಂಡಿರಲಿಲ್ಲ. 1908ರ ಆಗಸ್ಟಿನಲ್ಲಿ ಸ್ವದೇಶಮಿತ್ರನ್ ಬರಹಗಳಿಗಾಗಿ ಅವರನ್ನು ಕುಟ್ರಾಲದಲ್ಲಿ ಬಂಧಿಸಲಾಯಿತು. ಆಳುವವರ ಅಂಜಿಕೆ ಇದ್ದುದು ಟೀಕೆಗಲ್ಲ, ಟೀಕೆ ಯಾರ ಕಿವಿಗೆ ಬೀಳುತ್ತದೆ ಎಂಬುದಕ್ಕೆ.

ಅಯ್ಯರ್ ಆಗ 53ರ ವಯಸ್ಸಿನ ರೋಗಿ. ತೀವ್ರ ಚರ್ಮರೋಗ ಅವರನ್ನು ಹಿಂಡುತ್ತಿತ್ತು. ಮುಂದೆ ಹೀಗೆ ಬರೆಯುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಮೊಕದ್ದಮೆ ಕೈಬಿಡಲಾಯಿತು. ಇದನ್ನು ಸೋಲೆಂದು ತಳ್ಳಿಹಾಕುವವರು ಪತ್ರಿಕೆಯ ಲೆಕ್ಕವನ್ನೂ ನೋಡಬೇಕು. ಅದೇ ವರ್ಷ ‘ಇಂಡಿಯಾ’ ಪತ್ರಿಕೆಯ ಹೆಸರಿನ ಸಂಪಾದಕ ಜೈಲಿಗೆ ಹೋದರು, ಭಾರತಿ ಫ್ರೆಂಚರ ಪುದುಚೇರಿಗೆ ದಾಟಿದರು, ಬ್ರಿಟಿಷ್ ಸೀಮೆಗೆ ಆ ಪತ್ರಿಕೆ ಬರುವುದನ್ನೇ ಸರ್ಕಾರ ತಡೆಯಿತು. 1908ರಲ್ಲೇ ಮೈಸೂರಿನಲ್ಲಿ ಪತ್ರಿಕಾ ನಿಯಂತ್ರಣ ಶಾಸನ ಬಂದಾಗ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಸ್ವದೇಶಮಿತ್ರನ್ ದನಿ ತಗ್ಗಿಸಿಕೊಂಡೇ ಉಳಿಯಿತು.

1915ರಲ್ಲಿ ಅಯ್ಯರ್ ಪತ್ರಿಕೆಯನ್ನು ಎ. ರಂಗಸ್ವಾಮಿ ಅಯ್ಯಂಗಾರರಿಗೆ ವಹಿಸಿದರು. 1916ರ ಏಪ್ರಿಲ್ 18ರಂದು ತೀರಿಕೊಂಡರು. ನಾಲ್ಕು ವರ್ಷದ ಮೇಲೆ, ಪುದುಚೇರಿಯಿಂದ ಮರಳಿದ್ದ ಭಾರತಿ ಕೆಲಸ ಹುಡುಕಿಕೊಂಡು ಮದ್ರಾಸಿಗೆ ಬಂದಾಗ ಅವರನ್ನು ಸೇರಿಸಿಕೊಂಡದ್ದು ಸ್ವದೇಶಮಿತ್ರನ್. 1921ರ ಸೆಪ್ಟೆಂಬರಿನಲ್ಲಿ ಸಾಯುವವರೆಗೂ ಅವರು ಅಲ್ಲೇ ಬರೆದರು.